ಶೀಲಾ ಮಾಡದ ಡಿಶ್

"ಇನ್ನೊಂಚೂರು ಓರೆ ಮಾಡ್ರೋ, ಗೇಟೇ ಕಿತ್ಕೊಂಡು ಬರುತ್ತೆ!" ಎಂದು ಬಜಾರಿನ ಸುಬ್ಬಪ್ಪ ಕೂಗುತ್ತಿದ್ದರೆ, ಅರ್ಧ ಭದ್ರಾವತಿಯೇ ಹೆಗಲು ಕೊಟ್ಟು ಆ ಡಿಶ್ಶನ್ನು ಅಂಗಳಕ್ಕೆ ನುಗ್ಗಿಸುತ್ತಿತ್ತು. ಕೇಬಲ್ ಟೀವಿಯವರ ಹಳೇ ಡಿಶ್. ಆನೆಮರಿ ಮಲಗಿ ಹೊರಳುವಷ್ಟು ಅಗಲ. ಶಿವಮೊಗ್ಗದ ಗಾಂಧಿ ಬಜಾರಿನ ಸೇವಂತಿಗೆಯೆಲ್ಲ ಅದರ ಮೈಮೇಲಿತ್ತು. ಆವತ್ತು ದೇವರಿಗೂ ಹೂವು ಸಿಕ್ಕಿರಲಿಕ್ಕಿಲ್ಲ.

ಹೆಂಡತಿ ಶೀಲಾಳ ಹೆಣದ ಪಕ್ಕ ಕೂತಿದ್ದ ರುದ್ರೇಶ್ ಎದ್ದು ಬಂದ.

"ಇದೇನೋ ಸುಬ್ಬಪ್ಪ?"

"ಅತ್ತಿಗೆ ಉಪಗ್ರಹಕ್ಕೆ ಆಂಟೆನಾ ಮಾಡ್ತಾರೆ ಅಂತ ನಮ್ಮ ಕಿವಿ ತೂತು ಮಾಡಿದ್ದು ನೀನೇ ಅಲ್ವಾ ಮಾರಾಯ? ಇದು ಬಜಾರಿನ ಮರ್ಯಾದೆ. ಗಾಡಿ ಮೇಲೆ ಕಟ್ಟಿ ಮೆರವಣಿಗೆ ಹೋಗೋಣ."

ಬಜಾರಿನಲ್ಲಿ ಬಟ್ಟೆ ಅಂಗಡಿ ರುದ್ರೇಶನದು. ಅಲ್ಲಿ ಕೂತು ಕೊಚ್ಚಿಕೊಂಡದ್ದು ಏಳು ಲೋಕ ತುಂಬುವಷ್ಟು. ಅವಳ ಕೆಲಸ ಅರ್ಥವಾದದ್ದು ಸಾಸಿವೆಯಷ್ಟು. ಇವಳನ್ನು ಇವಳಾಗಿಯೇ ಕಳಿಸಬೇಕು. ಆದರೆ ಇವಳು ಮಾಡುತ್ತಿದ್ದದ್ದು ಇದೇನಾ?

ಸವಳಂಗ ರಸ್ತೆಯ ಆಫೀಸಿನಲ್ಲಿ ಅವಳ ಜೊತೆಗಿದ್ದ ನವ್ಯಾ ಬಾಗಿಲಲ್ಲಿ ನಿಂತಿದ್ದಳು.

"ಇದು ಸರೀನಾ ನವ್ಯಾ?"

"ಮೇಡಂ ನೋಡಿದ್ರೆ ನಕ್ಕುಬಿಡ್ತಿದ್ರು ಸಾರ್."

ಖುಷಿಗೋ, ಗೇಲಿಗೋ? ಕೇಳುವಷ್ಟರಲ್ಲಿ ಹುಡುಗಿ ಬಿಕ್ಕತೊಡಗಿದಳು.

*

"ಡಿಶ್ ಅಲ್ಲ ರೀ. ಡಿಶ್ ಬೇಡ ಅನ್ಸೋದೇ ನನ್ನ ಕೆಲಸ," ಎಂದಿದ್ದಳು ಒಮ್ಮೆ ಊಟಕ್ಕೆ ಬಡಿಸುತ್ತ. "ಚಪ್ಪಟೆ ಹಲಗೆ. ಮೇಲೆ ತಾಮ್ರದ ಚೂರುಗಳು, ಸಾಲುಸಾಲಾಗಿ. ಒಂದೊಂದಕ್ಕೂ ಪಿಸುಗುಡೋಷ್ಟೇ ಶಕ್ತಿ. ಎಲ್ಲಾ ಸೇರಿ ಕೂಗಿದ್ರೆ ಆ ಕೂಗು ಉಪಗ್ರಹದಿಂದ ಮೋಡ ದಾಟಿ ನೆಲ ಮುಟ್ಟಿ ವಾಪಸ್ ಬರುತ್ತೆ. ಕತ್ತಲಲ್ಲೂ ಭೂಮಿ ಕಾಣುತ್ತೆ."

"ನಮ್ಮ ಅಂಗಡಿ?"

"ನಿಮ್ಮ ಜಂಬ ಒಂದು ಅಡ್ಡ ಬರದಿದ್ರೆ ಕಾಣುತ್ತೆ."

ರುದ್ರೇಶ್ ಅನ್ನ ಕಲಸುತ್ತ 'ಹೂಂ' ಎಂದಿದ್ದ. ಮರುದಿನ ಬಜಾರಿಗೆ ಹೋಗಿ, "ನನ್ನ ಹೆಂಡ್ತಿ ಮಾಡ್ತಿರೋ ಡಿಶ್ಶಲ್ಲಿ ಜೋಗದ ನೀರೆಲ್ಲ ಹಿಡಿಸುತ್ತೆ" ಎಂದಿದ್ದ.

*

"ವಾಪಸ್ ತಗೊಂಡ್ಹೋಗೋ," ಎಂದ ರುದ್ರೇಶ್ ಸುಬ್ಬಪ್ಪನಿಗೆ.

"ತಲೆ ಕೆಟ್ಟಿದ್ಯಾ? ಇಡೀ ಬಜಾರೇ ಬಂದು ನಿಂತಿದೆ!"

"ಅವಳ ಕೆಲಸ ಇದಲ್ಲ ಕಣೋ."

"ಮತ್ತೇನು?"

ಏಳು ಲೋಕದ ಮಾತುಗಾರ ಹೋಗಿ ಗೇಟು ತೆರೆದು ಹಿಡಿದು ನಿಂತ. ಬಂದವರು ಮುಖ ಮುಖ ನೋಡಿಕೊಂಡರು. ಡಿಶ್ ಮತ್ತೆ ಓರೆಯಾಗಿ ಗೇಟು ದಾಟಿತು.

ಭದ್ರಾ ದಂಡೆಯಲ್ಲಿ ಕೊನೆಯ ಅಕ್ಕಿಗೆ ರುದ್ರೇಶನ ಸರದಿ.

"ಬಾಯಿಗೆ ಹಾಕ್ರೀ," ಎಂದರು ಪುರೋಹಿತರು.

ಅವನು ಶೀಲಾಳ ಬೆರಳುಗಳನ್ನು ಮೆಲ್ಲನೆ ಬಿಡಿಸಿ, ಹಲಗೆಯಂತೆ ಚಪ್ಪಟೆಯಾದ ಅಂಗೈ ಮೇಲೆ ಒಂದೊಂದೇ ಕಾಳನ್ನು ಸಾಲಾಗಿ ಇಡತೊಡಗಿದ. ಒಂದು ಸಾಲು, ಅದರ ಪಕ್ಕ ಇನ್ನೊಂದು.

"ಏನೋ ಇದು?" ಸುಬ್ಬಪ್ಪ ಬಗ್ಗಿ ನೋಡಿದ.

ಹೊಳೆಯ ಗಾಳಿಗೆ ಒಂದು ಕಾಳು ಸರಿಯಿತು. ರುದ್ರೇಶ್ ಉಸಿರು ಬಿಗಿಹಿಡಿದು, ಬೆರಳ ತುದಿಯಿಂದ ಅದನ್ನು ಸಾಲಿಗೆ ತಂದ.