ನೆಗೆಣ್ಣಿಯರ ದೋಣಿ

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಆ ಊರಿನ ಹೊಲಗಳ ನಡುವೆ ನುಗ್ಗಿದ ವರ್ಷವೇ ಸಾತವ್ವ ಮತ್ತು ಅವಳ ನೆಗೆಣ್ಣಿ ಶಿವವ್ವ ದೋಣಿಯ ಹುಟ್ಟು ಹಿಡಿಯಲು ಕಲಿತರು. ಗಂಡಂದಿರಿಬ್ಬರೂ ಅಣ್ಣ ತಮ್ಮಂದಿರು. ದೀಪಾವಳಿ ಮುಗಿದರೆ ಕುರಿ ಹೊಡೆದುಕೊಂಡು ಹೋದವರು ಮಳೆಗಾಲಕ್ಕೇ ತಿರುಗಿ ಬರುತ್ತಿದ್ದರು. ಆಚೆ ದಂಡೆಗೆ ಉಳಿದ ನಾಲ್ಕು ಎಕರೆ ಜೋಳ ಹೆಂಗಸರ ಪಾಲಿನದು.

ಕಲಿಸಿದವನು ಮುದುಕ ಅಂಬಿಗ ಅಂದಾನೆಪ್ಪ. "ತೋಳಿನಿಂದ ಅಲ್ಲಬೇ, ಬೆನ್ನಿನಿಂದ ಜಗ್ಗರಿ" ಎಂದು ದಂಡೆಯ ಮೇಲೆ ನಿಂತು ಕೂಗುತ್ತಿದ್ದ.

ಒಂದೇ ಹಲಗೆಯ ಮೇಲೆ ಶಿವವ್ವ ಬಲಕ್ಕೆ, ಸಾತವ್ವ ಎಡಕ್ಕೆ, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಶಿವವ್ವ "ಹೂಂ" ಅಂದರೆ ಇಬ್ಬರೂ ಒಮ್ಮೆಲೇ ಎಳೆಯುವರು. ಜೋಳದ ಚೀಲ, ಕಣಿಕೆ ಮೇವಿನ ಹೊರೆ, ಸಾಲಿಯ ಮಾಸ್ತರು, ಒಮ್ಮೆ ಹೆರಿಗೆ ಬೇನೆ ತಿನ್ನುತ್ತಿದ್ದ ಹುಡುಗಿ, ಎಲ್ಲರನ್ನೂ ದಾಟಿಸಿದರು. ಏಳು ವರ್ಷ ಹೀಗೇ ನಡೆಯಿತು.

ಆಮೇಲೆ ಶಿವವ್ವನ ಗಂಡ ಕಾಮಣ್ಣನಿಗೆ ಮೊಣಕಾಲು ಹಿಡಿದವು. ತನ್ನ ಪಾಲಿನ ಕುರಿ ಮಾರಿ, ಸಮೀರವಾಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಾವಲಿನ ಕೆಲಸ ಹಿಡಿದ. ಗಂಟುಮೂಟೆ ಟೆಂಪೋಗೆ ಏರಿಸುವಾಗ ಶಿವವ್ವ ಹೇಳಿದಳು: "ಬೀರಪ್ಪನ ಕಾರ್ತಿಕಕ್ಕ ಬಂದ ಬರ್ತೇನಿ ಬೇ."

ಮರುದಿನ ಸಾತವ್ವ ಒಬ್ಬಳೇ ಹುಟ್ಟು ಎರಡೂ ಹಿಡಿದಳು. ಹಲಗೆಯ ನಡುವೆ ಕೂರದೆ ಎರಡು ಹುಟ್ಟು ಎಳೆಯಲಾಗದು. ಆದರೂ ಮೂರು ದಿನ ಎಡಕ್ಕೇ ಕೂತಳು. ದೋಣಿ ಓರೆಯಾಗಿ ಹರಿದು ಜಾಲಿಕಂಟಿಯೊಳಗೆ ಸಿಕ್ಕಿತು. ಮುಳ್ಳು ತರಚಿ ಮೊಣಕೈಯಲ್ಲಿ ರಕ್ತ ಬಂತು. ಮೊದಲಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳು ಸುತ್ತ ನೋಡಿದಳು. ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

ನಾಲ್ಕನೆಯ ದಿನ ನಡುವೆ ಸರಿದು ಕೂತಳು.

ವರ್ಷ ಎರಡರಲ್ಲಿ ಎದುರುಗಾಳಿಯಲ್ಲೂ ಎಂಟು ಮಂದಿಯನ್ನು ದಾಟಿಸುವಷ್ಟು ಕಸುವು ಬಂತು. ಬೆನ್ನು ಅಗಲವಾಯಿತು, ಅಂಗೈ ಕಲ್ಲಾಯಿತು. ದಾಟುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ದೋಣಿ ಹೊಡೆಯುವವಳನ್ನು ಮಾತಾಡಿಸಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಶಿವವ್ವ ಬಂದದ್ದು ನಾಲ್ಕನೆಯ ಕಾರ್ತಿಕಕ್ಕೆ, ಕೈಯಲ್ಲಿ ದೇವರ ದೀಪದ ಎಣ್ಣೆ ಹಿಡಿದುಕೊಂಡು. ಬೀರಪ್ಪನ ಗುಡಿ ಆಚೆ ದಂಡೆಯ ದಿಬ್ಬದ ಮೇಲಿತ್ತು. ದೋಣಿ ಹತ್ತಿದವಳೇ ಬಲಕ್ಕೆ ಬಂದು ಕೂತಳು. "ಕೊಡ ಇಲ್ಲಿ, ನನ್ನ ಹುಟ್ಟ."

ಸಾತವ್ವನ ಎದೆ ತುಂಬಿತು. ಸರಿದು ಜಾಗ ಕೊಟ್ಟಳು.

ಶಿವವ್ವ "ಹೂಂ" ಎಂದಳು. ಆದರೆ ಸಾತವ್ವನ ಹುಟ್ಟು ಆಗಲೇ ನೀರೊಳಗಿತ್ತು. ಮತ್ತೆ "ಹೂಂ." ಮತ್ತೆ ತಪ್ಪಿತು. ದೋಣಿ ಬಲಕ್ಕೆ ತಿರುಗಿ ತಿರುಗಿ ನಿಂತಿತು. ಶಿವವ್ವನ ಮೆತ್ತಗಾದ ಅಂಗೈ ಆಗಲೇ ಕೆಂಪಾಗಿತ್ತು.

"ಬಿಡ ಅಕ್ಕಾ, ನಾ ಒಬ್ಬಾಕೀನ ಒಯ್ತೇನಿ."

ಹೇಳಬಾರದಿತ್ತು ಅನ್ನಿಸಿತು, ಅಷ್ಟರಲ್ಲಿ ಶಿವವ್ವ ಹುಟ್ಟು ಬಿಟ್ಟು ಎದುರಿನ ಹಲಗೆಗೆ ಹೋಗಿ, ಬೇರೆಯವರ ಹಾಗೆ ಅಂಚು ಹಿಡಿದು ಕೂತಿದ್ದಳು.

ದೀಪ ಹಚ್ಚಿ ಬರುವಾಗ ಗಾಳಿ ಎದ್ದಿತು. ಅಲೆ ದೋಣಿಯೊಳಗೆ ಸಿಡಿಯಿತು. ಸಾತವ್ವ ಹಲ್ಲು ಕಚ್ಚಿ, ದೋಣಿಯ ಮೂತಿಯನ್ನು ಗಾಳಿಗೆ ಕೊಟ್ಟು, ಒಂದೇ ಸಮ ಎಳೆದಳು. ದಂಡೆ ಮುಟ್ಟಿದಾಗ ಶಿವವ್ವ ನಿಟ್ಟುಸಿರು ಬಿಟ್ಟಳು. "ಗಂಡಸರಿಂದನೂ ಆಗೂದಿಲ್ಲ ಬೇ ಇದು. ಭಾಳ ಗಟ್ಟಿ ಆಗೀದಿ."

"ಇವತ್ತ ವಸ್ತಿ ಇರ ಅಕ್ಕಾ. ರೊಟ್ಟಿ ಬಡೀತೇನಿ."

"ಆಗೂದಿಲ್ಲವಾ. ಮುಂಜಾನೆ ಮೊಮ್ಮಗಳನ್ನ ಸಾಲಿಗೆ ಕಳಸಬೇಕು."

ಬಸ್ಸಿನ ದಾರಿ ಹಿಡಿದ ಶಿವವ್ವ ಏರಿಯ ಮೇಲೆ ಒಮ್ಮೆ ನಿಂತು ಸೆರಗು ಸರಿಮಾಡಿಕೊಂಡಳು, ತಿರುಗಿ ನೋಡಲಿಲ್ಲ. ಆಚೆ ದಂಡೆಯಲ್ಲಿ ಮೇವಿನ ಹೊರೆ ಇಳಿಸಿ ಇಬ್ಬರು ಹೆಂಗಸರು ಕೈ ಬೀಸುತ್ತಿದ್ದರು. ಸಾತವ್ವ ದೋಣಿಯೊಳಗಿನ ನೀರು ಮೊಗೆದು ಚೆಲ್ಲಿ, ಅವರನ್ನು ಕರೆತರಲು ಹೊರಟಳು.