ಮೈದುನನ ಮೊಕಾಸಿನ್

ಮಣಿಕಸೂತಿ ಎಂದರೆ ವಿಕ್ಟೋರಿನಳದು. ಸಸ್ಕಾಚೆವಾನ್ ಪ್ರಾಂತ್ಯದ ಉತ್ತರ ಭಾಗದ ಕ್ರೀ ಬುಡಕಟ್ಟಿನ ಹಳ್ಳಿಗಳಲ್ಲಿ ಆ ಬಗ್ಗೆ ಎರಡು ಮಾತಿಲ್ಲ. ಮೂಸ್ ಎಂಬ ದೈತ್ಯ ಜಿಂಕೆಯ ಚರ್ಮದ ಮೊಕಾಸಿನ್ ಪಾದರಕ್ಷೆಯ ಮೇಲೆ ಅವಳು ಕೂರಿಸಿದ ಮಣಿಯ ಗುಲಾಬಿಗೆ ಪಟ್ಟಣದ ಅಂಗಡಿಯಾಕೆ ಕಣ್ಣು ಮುಚ್ಚಿ ದುಡ್ಡು ಕೊಡುತ್ತಿದ್ದಳು. ಮನೆ ನಡೆಯುತ್ತಿದ್ದುದೇ ಅದರಿಂದ. ಗಂಡ ಆಂಬ್ರೋಸನ ಮೀನು ನಂಬಿದ್ದರೆ ಉಪವಾಸವೇ ಗತಿ. ಬಲೆಗೆ ಮೀನಿಗಿಂತ ಹೆಚ್ಚು ಸಲ ಅವನೇ ಸಿಕ್ಕಿಕೊಳ್ಳುತ್ತಿದ್ದ.

ಆ ಪುಣ್ಯಾತ್ಮ ವಸಂತದಲ್ಲಿ ತೀರಿಕೊಂಡ. ಅಂದಿನಿಂದ ಸೂಜಿ ಹಿಡಿದರೆ ಸಾಕು, ವಿಕ್ಟೋರಿನಳಿಗೆ ಅಳು. ಅಳುತ್ತಾ ಮಣಿ ಹೊಲಿಯುವ ಹಾಗಿಲ್ಲ. ಹೊಲಿಯುವವಳ ದುಃಖ ದಾರದ ಜೊತೆ ಒಳಗೆ ಹೋಗಿ ತೊಟ್ಟವರನ್ನು ಹಿಡಿಯುತ್ತದೆ ಎಂದು ಅಜ್ಜಿ ಕಲಿಸಿದ್ದಳು. ಹಾಗಾಗಿ ಆರು ತಿಂಗಳಿಂದ ಮಣಿಡಬ್ಬಿಯ ಮುಚ್ಚಳ ತೆಗೆಯುವುದು, ಮೂಗೊರೆಸಿಕೊಳ್ಳುವುದು, ಮುಚ್ಚಳ ಹಾಕುವುದು, ಇಷ್ಟೇ ಕೆಲಸ. ಕ್ರಿಸ್ಮಸ್ಸಿಗೆ ನಾಲ್ಕು ಜೊತೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯಾಕೆ ಫೋನಿನಲ್ಲಿ ಹೇಳಿಯೇಬಿಟ್ಟಳು. ಅವಳಿಗೇನು, ಹೇಳುತ್ತಾಳೆ.

ಸುದ್ದಿ ತಿಳಿದು ಮೈದುನ ಮೋಯೀಸ್ ಬಂದ. ಅತ್ತಿಗೆ ಮೈದುನರು ಗೇಲಿ ಮಾಡಿಕೊಳ್ಳದಿದ್ದರೆ ಜ್ವರವೇ ಎಂದು ಕೇಳುವ ಊರದು. ಆದರೆ ಅಣ್ಣ ಹೋದ ಮೇಲೆ ಇವನು ಒಂದು ದಿನವೂ ಅವಳ ಕಾಲೆಳೆದಿರಲಿಲ್ಲ. ಅವತ್ತು ಬಂದವನೇ ಬೂಟು ಕಳಚಿ, ಹರಿದ ಕಾಲುಚೀಲದ ಪಾದವನ್ನು ಮೇಜಿನ ಮೇಲೆ, ಬ್ಯಾನಕ್ ರೊಟ್ಟಿಯ ಪಕ್ಕದಲ್ಲೇ ಇಟ್ಟ.

"ಅಳತೆ ತಗೋ ಅತ್ತಿಗೆ. ನಂಗೊಂದು ಜೊತೆ ಬೇಕು."

ಊರಿಗೆಲ್ಲ ದೊಡ್ಡ ಪಾದ ಅವನದು. ಇದಕ್ಕೆ ಒಂದು ಮೂಸ್ ಸಾಲದು, ಅದರ ಸಂಸಾರವೇ ಬೇಕು ಎಂದು ವಿಕ್ಟೋರಿನ್ ಬಾಯಿ ಜಾರಿ ಅಂದುಬಿಟ್ಟಳು. ಮೋಯೀಸ್ ಬಿಡುತ್ತಾನೆಯೇ? ಪಾಪ, ನೆಟ್ಟಗಿನ ಪಾದ ನೀನೆಲ್ಲಿ ನೋಡಿದ್ದೀಯ, ಅಣ್ಣನದಂತೂ ಬಾತುಕೋಳಿಯದು ಎಂದ. ಅವಳು ನಕ್ಕಳು. ನಕ್ಕದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ಅಳತೆಯ ಪೆನ್ಸಿಲ್ ಕೆಳಗಿಟ್ಟಳು.

"ನೋಡ್ದೆ ಅಲ್ವಾ? ಆಗಲ್ಲ ಕಣೋ. ಇದೆಲ್ಲ ಹಾಕ್ಕೊಂಡವರಿಗೆ ಹೋಗತ್ತೆ."

"ಹೋಗ್ಲಿ ಬಿಡು, ಅದಕ್ಕೇ ಬಂದಿರೋದು," ಎಂದ ಮೋಯೀಸ್. "ಎಷ್ಟು ಅಳು ಬರತ್ತೋ ಅಷ್ಟೂ ಹೊಲಿ. ಹಾಕ್ಕೊಳ್ಳೋನು ನಾನು ತಾನೆ? ಅವನು ನಂಗೂ ಅಣ್ಣ."

ಹನ್ನೊಂದು ದಿನ ಅಳುತ್ತಾ ಹೊಲಿದಳು. ಪಾದ ದೊಡ್ಡದಿದ್ದದ್ದು ಒಳ್ಳೆಯದೇ ಆಯಿತು, ಅಷ್ಟು ಅಳುವಿಗೂ ಜಾಗ ಬೇಕಿತ್ತಲ್ಲ.

ಹನ್ನೆರಡನೆಯ ದಿನ ಮೋಯೀಸ್ ಅದನ್ನು ತೊಟ್ಟು ಒಲೆಯ ಸುತ್ತ ಒಂದು ಸುತ್ತು ಹಾಕಿದ, ಏನೋ ತಮಾಷೆ ಮಾಡಲು ಬಾಯಿ ತೆರೆದ. ಅಣ್ಣನನ್ನು ಮಣ್ಣಿಗಿಡುವಾಗಲೂ ಕಲ್ಲಿನಂತೆ ಸಲಿಕೆ ಹಿಡಿದು ನಿಂತಿದ್ದ ಗಂಡಸು ಕುರ್ಚಿಯಲ್ಲಿ ಕುಸಿದು ಗೊಳೋ ಎಂದು ಅತ್ತ. ವಿಕ್ಟೋರಿನ್ ಚಹಾ ತಂದಿಟ್ಟು, ಅವನ ಬೆನ್ನು ಸವರಿ, ಅಳು ಮಾರಾಯ ಎಂದಳು. ಆಮೇಲೆ ಪಕ್ಕದಲ್ಲೇ ಕೂತು, ಅಂಗಡಿಯ ಮೊದಲ ಜೊತೆಗೆಂದು ಸೂಜಿ ಎತ್ತಿಕೊಂಡಳು. ಕಣ್ಣು ಒಣಗಿತ್ತು; ದಾರ ಒಂದೇ ಸಲಕ್ಕೆ ತೂರಿತು.