ಬಲಗಡೆಯ ಹೂವು

ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡುತ್ತಾನಂತೆ. ಗೂಳೂರಿನ ನನ್ನ ದೊಡ್ಡಮ್ಮ ರಂಗಲಕ್ಷ್ಮಮ್ಮ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಾರೆ. ನಾನು ಅವನಿಗೆ ಇಷ್ಟೊಂದು ಬೇಕಾಗದಿದ್ದರೆ ಚೆನ್ನಾಗಿತ್ತು ಎಂದು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಫೋನ್ ಮಾಡುವವರು ಅವರೊಬ್ಬರೇ.

ಗುಬ್ಬಿಯಲ್ಲೊಂದು ಬಾಡಿಗೆ ಮನೆ, ಗೊಬ್ಬರದಂಗಡಿಯಲ್ಲಿ ಬಿಲ್ ಹಾಕುವ ಕೆಲಸ, ದಿನ ಬಿಟ್ಟು ದಿನ ಬಸ್ ಹತ್ತಿ ತುಮಕೂರಿಗೆ ಡಯಾಲಿಸಿಸ್. ವಾಪಸ್ ಬಂದರೆ "ಹೆಂಗಿದ್ದೀಯೇ ಹೇಮಶ್ರೀ" ಅನ್ನುವುದಕ್ಕೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸಾಕಾಗಿತ್ತು. ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆಂದು ಗೊತ್ತಿದ್ದೇ ನಿಲ್ಲಿಸುವ ಮನಸ್ಸು ಮಾಡಿದ್ದೆ. ಅದಕ್ಕೆ ಮುಂಚೆ ಒಂದು ಮಾತು ಕೇಳಿಬಿಡೋಣವೆಂದು ಊರ್ಡಿಗೆರೆ ಹತ್ತಿರವಿರುವ ನಮ್ಮ ಮನೆದೇವಿಯ ಗುಡಿಗೆ ಹೋದೆ.

ಅಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಒದ್ದೆ ಹೂವನ್ನು ದೇವಿಯ ಮೈಗೆ ಅಂಟಿಸುತ್ತಾರೆ, ನಾವು ಮನಸ್ಸಿನಲ್ಲೇ ಕೇಳಬೇಕು. ಹೂವು ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ನಾನು ಕಣ್ಣು ಮುಚ್ಚಿ, ನನಗೇ ಯಾಕೆ ಈ ಕಷ್ಟ ಎಂದು ಕೇಳಿದೆ. ಕಾಲು ನೋಯುವಷ್ಟು ಹೊತ್ತು ನಿಂತರೂ ಹೂವು ಅಲ್ಲಾಡಲಿಲ್ಲ.

ಪೂಜಾರಿ ಮಹಾದೇವಯ್ಯನವರಿಗೆ ಅನುಮಾನ ಬಂತು. "ಏನಂತ ಕೇಳ್ದವ್ವ?"

"ಯಾಕೆ ಅಂತ."

"ಯಾಕೆ ಅಂದ್ರೆ ಹೆಂಗವ್ವ ಹೇಳ್ತಾಳೆ? ಅವ್ಳಿಗಿರೋದು ಎಡ, ಬಲ ಎರಡೇ. ಹೂಂ, ಉಹೂಂ ಅನ್ನೋ ಹಂಗೆ ಕೇಳ್ಬೇಕು."

ನಗು ಬಂತು, ಅಳುವೂ ಬಂತು. ಮತ್ತೆ ಕೇಳಿದೆ: ನನ್ನ ಈ ನೋವಿನಿಂದ ನಿನಗೆ ಆಗಬೇಕಾದ ಕೆಲಸ ಏನಾದರೂ ಇದೆಯಾ ತಾಯಿ? ಇದ್ದರೆ ಬಲಗಡೆ ಕೊಡು, ಸಹಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ನನ್ನನ್ನು ಬಿಟ್ಟುಬಿಡು.

ಹೂವು ಅಂಟಿಸಿದ ಕಡೆಯೇ ಇತ್ತು.

"ಇವತ್ತು ಕೊಡ್ಲಿಲ್ಲ ಬುಡವ್ವ. ಕೊಡ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ," ಎಂದು ಅವರು ತೀರ್ಥ ಕೊಟ್ಟರು. ಕುಡಿಯುವ ನೀರೂ ಅಳತೆಯಲ್ಲಿರುವ ನನಗೆ ಅದನ್ನು ನುಂಗುವುದಕ್ಕೂ ಯೋಚನೆ. ದೇವಿಯೂ ಫೋನ್ ಎತ್ತದವರ ಸಾಲಿಗೆ ಸೇರಿದಳು ಎಂದುಕೊಂಡು ಬಸ್ ಹತ್ತಿದೆ.

ಮರುದಿನ ಡಯಾಲಿಸಿಸ್‌ಗೆ ಹೋಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಮುಖ ಊದಿತ್ತು, ಬಾಗಿಲವರೆಗೆ ನಡೆಯುವಷ್ಟರಲ್ಲಿ ಏದುಸಿರು. ಸಾಯುವ ಹಟ ನನಗಿತ್ತು, ಉಸಿರಿಗೆ ಇರಲಿಲ್ಲ. ಇದೇ ಕೊನೆ ಎಂದು ನನ್ನನ್ನೇ ಬೈದುಕೊಂಡು ತುಮಕೂರಿಗೆ ಹೋದೆ.

ನನ್ನ ಬಲಗಡೆಯ ಮಂಚದಲ್ಲಿ ಹೊಸಬಳೊಬ್ಬಳು ಮಲಗಿದ್ದಳು. ಕುಣಿಗಲ್ ಕಡೆಯ ಇಂಪನಾ. ಅವಳಿಗೆ ಅವತ್ತೇ ಮೊದಲ ಡಯಾಲಿಸಿಸ್, ಗಂಡನನ್ನು ಹೊರಗೆ ಕೂರಿಸಿದ್ದರು. ತನ್ನ ರಕ್ತ ಪೈಪಿನಲ್ಲಿ ಹರಿದು ಯಂತ್ರಕ್ಕೆ ಹೋಗುವುದನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಸಿಸ್ಟರ್ ಏನೇನೋ ಸಮಾಧಾನ ಹೇಳಿದರು. ಅವಳು ನೋಡಿದ್ದು ನನ್ನನ್ನು.

"ಅಕ್ಕಾ, ಎಲ್ಲಾ ಹೊರಗೋಗ್ತೈತೆ. ವಾಪಸ್ ಬತ್ತದಾ?"

"ಬತ್ತದೆ ಕಣವ್ವ. ನಂದು ನೋಡು, ಬತ್ತಾ ಐತೆ."

ನನ್ನ ಎಡಗೈಯಲ್ಲಿ ಸೂಜಿಗಳಿದ್ದವು. ಬಲಗೈ ಚಾಚಿದೆ. ಅವಳು ಗಬಕ್ಕನೆ ಹಿಡಿದುಕೊಂಡಳು. ಸೂಜಿ ಚುಚ್ಚುವವರನ್ನು ಬಿಟ್ಟು ಬೇರೆ ಯಾರಾದರೂ ನನ್ನ ಕೈ ಮುಟ್ಟಿ ಎಷ್ಟು ಕಾಲವಾಗಿತ್ತೋ, ನನಗೆ ಅಳು ತಡೆಯಲಾಗಲಿಲ್ಲ. ಯಂತ್ರ ನಿಲ್ಲುವವರೆಗೂ ಅವಳು ಕೈ ಬಿಡಲಿಲ್ಲ.

ದೇವಿ ಬಲಗಡೆ ಕೊಟ್ಟಿದ್ದು ಇದನ್ನೇ ಎನ್ನುವಷ್ಟು ಭಕ್ತಿ ನನಗೆ ಈಗಲೂ ಇಲ್ಲ. ಆದರೆ ವಾಪಸ್ ಬತ್ತದೆ ಎಂದು ಇಂಪನಾಳಿಗೆ ಹೇಳುವುದಕ್ಕೆ, ತಾನೂ ಹಾಗೆ ಹೆದರಿ ಮಲಗಿದ್ದವಳೇ ಬೇಕಿತ್ತು.

ಹೊರಡುವಾಗ ಇಂಪನಾ ಕೇಳಿದಳು, "ನಾಳಿದ್ದೂ ಬತ್ತೀರಾ ಅಕ್ಕಾ?"

ಹೂಂ, ಉಹೂಂ ಅನ್ನುವ ಹಾಗೆಯೇ ಕೇಳಿದ್ದಳು. ದೇವಿಯ ಹಾಗೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ಬತ್ತೀನಿ ಕಣೇ," ಎಂದೆ.